‘ಕೆಲಸಾ ಏನ್ ಮಾಡ್ತೀರಿ?’

ತಾರಿಹಾಳ ಸ್ಟಾಪಿನಲ್ಲಿ ಪಾಳಿ ಬಿಟ್ಟ ಹೊತ್ತು. ಹುಬ್ಬಳ್ಳಿ ಬಸ್ಸಿಗೆ ಕಾದು ನಿಂತವರ ನಡುವೆ ಹುಡುಗಿಯೊಬ್ಬಳು ಅಂಗೈಯಗಲದ ಚೀಟಿಗಳನ್ನು ಮಗುಚುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಜಪವೇನೋ ಅಂದುಕೊಂಡೆ. ಇಣುಕಿ ನೋಡಿದರೆ ರೋಗಗಳ ಹೆಸರು!

‘ಏನ್ ಓದಾಕತ್ತೀಯವಾ?’

‘ಜನರಲ್ ಮೆಡಿಸಿನ್ ರೀ ಕಾಕಾ. ಫೈನಲ್ ಪರೀಕ್ಷಾ ಹತ್ರ ಬಂತು.’

ಅಪ್ಪನದು ಊರಲ್ಲೇ ಕಿರಾಣಿ ಅಂಗಡಿಯಂತೆ. ಮಗಳು ಓದುವುದು ವಿದ್ಯಾನಗರದ ಕೆ.ಎಂ.ಸಿ.ಯಲ್ಲಿ. 1957ರಲ್ಲಿ ಶುರುವಾದ ಕಾಲೇಜು, ನಡುವೆ ‘ಕಿಮ್ಸ್’ ಆಗಿ ಈಗ ಮತ್ತೆ ಹಳೆಯ ಹೆಸರಿಗೆ ಮರಳಿದೆ. ನಮ್ಮ ಹಳಬರು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ ಬಿಡಿ.

ಡೇವಿಡ್‌ಸನ್, ಹ್ಯಾರಿಸನ್ ಎಂಬ ಮೆಡಿಸಿನ್ ಗ್ರಂಥಗಳನ್ನು ಎತ್ತಿದರೆ ತೋಳು ನೋಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಅಷ್ಟನ್ನು ತಿರುವಿ ಹಾಕಲು ಯಾರಿಂದಾದೀತು? ಅದಕ್ಕೇ ಈ ಚೀಟಿ. ಒಂದು ಗುರುತು, ಒಂದು ರೋಗ. ಒಸಡಿನ ಮೇಲೆ ನೀಲಿ ಗೆರೆ, ಮಣಿಕಟ್ಟು ಜೋತು ಬಿದ್ದಿದೆ ಎಂದರೆ ಸೀಸದ ವಿಷ. ಎಕ್ಸ್‌ರೇಯಲ್ಲಿ ಎದೆಯ ಗಂಟುಗಳ ಸುತ್ತ ಮೊಟ್ಟೆಚಿಪ್ಪಿನಂಥ ಸುಣ್ಣದ ಗೆರೆ ಕಂಡರೆ ಸಿಲಿಕೋಸಿಸ್. ಸೋಮವಾರ ಕೆಲಸಕ್ಕೆ ಹೋದಾಗ ಎದೆ ಬಿಗಿದು, ವಾರ ಕಳೆದಂತೆ ಸಡಿಲಾದರೆ ಹತ್ತಿ ಧೂಳಿನ ಬಿಸಿನೋಸಿಸ್. ಹತ್ತಿ ವ್ಯಾಪಾರದ ಹುಬ್ಬಳ್ಳಿಗೆ ಈ ಕೊನೆಯದು ತಿಳಿದಿರಬೇಕಾದ ಮಾತೇ.

ನೀಟ್ ಪಿ.ಜಿ. ಪರೀಕ್ಷೆಯಲ್ಲಿ ಇನ್ನೂರು ಪ್ರಶ್ನೆ, ನಾಲ್ಕರಲ್ಲೊಂದು ಉತ್ತರಕ್ಕೆ ಗುರುತು ಹಾಕಬೇಕು. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಅಲ್ಲಿ ‘ಮೊಟ್ಟೆಚಿಪ್ಪು’ ಎಂದು ಅವರೇ ಬರೆದು ಕೊಟ್ಟಿರುತ್ತಾರೆ. ಫೈನಲ್ ಪರೀಕ್ಷೆಯ ಕೇಸು ಹಾಗಲ್ಲ ಸ್ವಾಮಿ. ಮಂಚದ ಮೇಲೆ ಜೀವಂತ ಮನುಷ್ಯ ಕೂತಿರುತ್ತಾನೆ, ಕೆಮ್ಮುತ್ತಿರುತ್ತಾನೆ. ಕೇಳಿ ಕೇಳಿ ಹೊರಗೆ ತೆಗೆಯಬೇಕು.

‘ನಂಗ ಪ್ರತಿಸಲಾ ಒಂದು ಪ್ರಶ್ನೆ ಬಿಟ್ಟು ಹೋಗತೈತಿ ರೀ’ ಎಂದಳು ಹುಡುಗಿ. ಚೀಟಿಗಳ ಮೇಲ್ಗಡೆಯದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ‘ಕೆಲಸ ಏನು? ಎಷ್ಟು ವರ್ಷ?’

ಈ ಪ್ರಶ್ನೆಗೆ ಮುನ್ನೂರು ವರ್ಷ ದಾಟಿದೆ. ಇಟಲಿಯ ರಾಮಾಜ್ಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಮೇಲೆ ಪುಸ್ತಕ ಬರೆದು, ರೋಗಿಯನ್ನು ‘ನಿನ್ನ ಕಸುಬು ಯಾವುದು’ ಎಂದೂ ಕೇಳಿರಿ ಎಂದ. ಇಷ್ಟು ಸಣ್ಣ ಮಾತು ಇವತ್ತಿಗೂ ಮರೆತು ಹೋಗುತ್ತದೆ.

ಪಕ್ಕದಲ್ಲಿ ನಿಂತವರೊಬ್ಬರು ಇಷ್ಟು ಹೊತ್ತೂ ಕಿವಿಗೊಟ್ಟಿದ್ದರು. ನಡುನಡುವೆ ಕೆಮ್ಮು.

‘ಅಣ್ಣಾರ, ನೀವು ಕೆಲಸಾ ಏನ್ ಮಾಡ್ತೀರಿ?’ ಕೇಳಿಯೇ ಬಿಟ್ಟಳು.

‘ಫೌಂಡ್ರಿ ಯವಾ. ಅಚ್ಚಿನ ಉಸುಕು ಬಡದು ಎರಕಾ ಹೊರಗ ತಗೀತೇನಿ. ಹದಿನಾರು ವರ್ಷಾತು. ಕೆಮ್ಮು ತೋರಸಾಕ ಹೋದ್ರ ಬೀಡಿ ಸೇದ್ತೀಯೇನು ಅಂತ ಕೇಳಿದ್ರು. ಇಲ್ಲ ಅಂದೆ. ಔಷಧದ ಬಾಟ್ಲಿ ಕೊಟ್ಟು ಕಳಿಸಿದ್ರು. ಕೆಲಸದ ಮಾತ ತಗೀಲಿಲ್ಲ.’

ಹುಡುಗಿ ಚೀಟಿ ಮಡಚಿದಳು. ಉಸುಕಿನ ಧೂಳಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣ ಮೂಗು ಗಂಟಲಲ್ಲೇ ನಿಲ್ಲುತ್ತದಂತೆ. ಕಾಣದಷ್ಟು ಸಣ್ಣದು ಪುಪ್ಪುಸದ ತಳಕ್ಕೆ ಇಳಿದು ಗಾಯದ ಕಲೆಯಂತೆ ಗಟ್ಟಿ ಮಾಡುತ್ತದೆ. ಮುಖಕ್ಕೆ ಕಟ್ಟಿದ ಟಾವೆಲ್ಲು ಅದನ್ನು ತಡೆಯದು. ಸಾಮಾನ್ಯವಾಗಿ ಹತ್ತು ವರ್ಷ ಕಳೆದ ಮೇಲೆ ತಲೆ ಎತ್ತುವ ಈ ಸಿಲಿಕೋಸಿಸ್‌ಗೆ ವಾಸಿ ಮಾಡುವ ಔಷಧವಿಲ್ಲ. ಧೂಳಿನಿಂದ ದೂರ ಸರಿಯಬೇಕು, ಅಷ್ಟೇ. ಸಾಲದ್ದಕ್ಕೆ ಕ್ಷಯ ಬೇಗ ಅಂಟುತ್ತದೆ. ಎರಡೂ ಪುಪ್ಪುಸದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುವುದರಿಂದ ಎಕ್ಸ್‌ರೇ ನೋಡಿದವರೂ ಒಂದನ್ನು ಇನ್ನೊಂದೆಂದು ತಿಳಿಯಬಹುದು. ಕಸುಬು ಕೇಳಿದ್ದರೆ ಅನುಮಾನವಾದರೂ ಹುಟ್ಟೀತು.

ಅಂದ ಹಾಗೆ, ಸಿಲಿಕೋಸಿಸ್ ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿತ್ತು, 2020ರ ಹೊಸ ಸಂಹಿತೆಯಲ್ಲೂ ಇದೆ. ಕೇಳದಿದ್ದರೆ ತಿಳಿಸುವುದೇನನ್ನು?

‘ಹಂಗಾರ ನಂದೂ ಅದ ಏನವಾ?’

‘ನಾ ಹೇಳಾಕ ಬರೂದಿಲ್ರಿ ಅಣ್ಣಾರ, ನಾ ಇನ್ನೂ ಡಾಕ್ಟರ್ ಆಗಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫಾ ಪರೀಕ್ಷಾ ಮಾಡಸ್ರಿ, ಸರ್ಕಾರಿ ದವಾಖಾನ್ಯಾಗ ರೊಕ್ಕಾ ಇಲ್ಲ. ಎಕ್ಸ್‌ರೇನೂ ತಗಸ್ರಿ. ಅವರು ಕೇಳಲಿ ಬಿಡಲಿ, ಫೌಂಡ್ರಿ, ಹದಿನಾರು ವರ್ಷ ಅಂತ ನೀವ ಮೊದಲ ಹೇಳ್ರಿ.’

ಬಸ್ಸು ಬಂತು. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಆತ ಹಿಂದಿರುಗಿ ನೋಡಿದರು.

‘ದವಾಖಾನಿ ಮುಂಜಾನಿ ಅಷ್ಟ ಇರತೈತೇನವಾ? ಒಂದು ದಿನದ ಪಗಾರ ಹೋಗತೈತಲ್ಲ.’