ಸಾರಾನ್ ಪ್ರೆಡ್ಡಿ ಮತ್ತು ಆರು ತಿಂಗಳ ಮೂಲಾನ್ ರೂಜ್

ಲಾಸ್ ವೇಗಸ್ ಎಂದರೆ ಕಣ್ಣಮುಂದೆ ಬರುವುದು ಸ್ಟ್ರಿಪ್ ರಸ್ತೆಯ ಝಗಮಗ. ರೈಲು ಹಳಿಯ ಆಚೆಗಿರುವ ವೆಸ್ಟ್‌ಸೈಡ್ ಬಡಾವಣೆ ಯಾರ ನೆನಪಿಗೂ ಬರುವುದಿಲ್ಲ. ನೆವಾಡದ ಕ್ಯಾಸಿನೊಗಳ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾರಾನ್ ನೈಟ್ ಪ್ರೆಡ್ಡಿ ಬದುಕು ಕಟ್ಟಿಕೊಂಡದ್ದು ಅಲ್ಲಿ.

ಒಕ್ಲಹೋಮದಲ್ಲಿ ಹುಟ್ಟಿದ ಸಾರಾನ್ 1942ರಲ್ಲಿ ಲಾಸ್ ವೇಗಸ್‌ಗೆ ಬಂದರು. ಕಪ್ಪು ಜನಕ್ಕೆ ಆಗ ಸ್ಟ್ರಿಪ್‌ನಲ್ಲಿ ಸಿಗುತ್ತಿದ್ದದ್ದು ಕಸ ಗುಡಿಸುವ, ಪಾತ್ರೆ ತೊಳೆಯುವ, ಹಾಸಿಗೆ ಸರಿಮಾಡುವ ಕೆಲಸ. ಅವರು ವೆಸ್ಟ್‌ಸೈಡ್‌ನ ಕಾಟನ್ ಕ್ಲಬ್‌ನಲ್ಲಿ ಕೀನೋ ಚೀಟಿ ಬರೆಯುವವರಾಗಿ ಸೇರಿಕೊಂಡರು. ಕೀನೋ ಜೂಜಿನಲ್ಲಿ ಒಂದರಿಂದ 80ರವರೆಗಿನ ಅಂಕಿಗಳಲ್ಲಿ ಆಟಗಾರ ತನಗೆ ಬೇಕಾದವನ್ನು ಗುರುತು ಹಾಕಿ ಕೊಡುತ್ತಾನೆ. ಕೊನೆಗೆ 20 ಅಂಕಿಗಳನ್ನು ಎತ್ತುತ್ತಾರೆ. ಆಗಿನ್ನೂ ಕಂಪ್ಯೂಟರ್ ಇರಲಿಲ್ಲ. ಆಟಗಾರನ ಚೀಟಿಯನ್ನು ನೋಡಿ, ಕುಂಚವನ್ನು ಮಸಿಯಲ್ಲಿ ಅದ್ದಿ, ಇನ್ನೊಂದು ಚೀಟಿಗೆ ತಪ್ಪಿಲ್ಲದೆ ಇಳಿಸಬೇಕಿತ್ತು. ಮಸಿ ಪಕ್ಕದ ಅಂಕಿಗೆ ಹರಿದರೆ ಜಗಳ ಖಚಿತ. ಕೈ ಚುರುಕಾಗಿರಬೇಕು, ಅಷ್ಟೇ ಸ್ಥಿರವೂ ಆಗಿರಬೇಕು.

1950ರಲ್ಲಿ ಅವರು ಹಾಥಾರ್ನ್ ಎಂಬ ಸಣ್ಣ ಊರಿನ ಟೊಂಗಾ ಕ್ಲಬ್ಬನ್ನು 600 ಡಾಲರ್ ಕೊಟ್ಟು ಕೊಂಡರು. ನೆವಾಡದಲ್ಲಿ ಜೂಜಿನ ಪರವಾನಗಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಅದು ಸಣ್ಣ ಮಾತೇನಲ್ಲ. 1931ರಲ್ಲಿ ಲಾಸ್ ವೇಗಸ್ ನಗರದ ಮೊದಲ ಪರವಾನಗಿ ಸಿಕ್ಕಿದ್ದೂ ಮೇಮ್ ಸ್ಟಾಕರ್ ಎಂಬ ಹೆಣ್ಣುಮಗಳಿಗೇ. ಆದರೂ 1958ರಲ್ಲಿ ಅದೇ ನಗರದ ಆಡಳಿತ, ಹೆಂಗಸರು ಡೀಲರ್ ಆಗಿ ಎಲೆ ಹಂಚಕೂಡದೆಂದು ನಿರ್ಣಯ ಮಾಡಿತು. ವೆಸ್ಟ್‌ಸೈಡ್‌ನ ಹೆಂಗಸರ ಹೊಟ್ಟೆಯ ಮೇಲೆ ಬಿದ್ದ ಹೊಡೆತ ಅದು.

ಇನ್ನು ರಾಜ್ಯದ ಚರಿತ್ರೆ. 1910ರಲ್ಲಿ ನೆವಾಡ ಜೂಜನ್ನು ನಿಷೇಧಿಸಿತ್ತು. ಆರ್ಥಿಕ ಮಹಾಕುಸಿತದ ನಡುವೆ ಫಿಲ್ ಟೋಬಿನ್ ಎಂಬ ದನಗಾಹಿ ಶಾಸಕ ಮಂಡಿಸಿದ ಮಸೂದೆಗೆ 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಜರ್ ಸಹಿ ಹಾಕಿದರು. ಹೂವರ್ ಅಣೆಕಟ್ಟಿನ ಕೆಲಸಗಾರರು ಬಂದರು, 1941ರಲ್ಲಿ ಸ್ಟ್ರಿಪ್‌ಗೆ ಎಲ್ ರಾಂಚೊ ವೇಗಸ್ ಹೋಟೆಲ್ ಕ್ಯಾಸಿನೊ ಬಂತು, 1946ರಲ್ಲಿ ಫ್ಲಮಿಂಗೊ ಬಂತು.

ಸ್ಟ್ರಿಪ್‌ನ ದೀಪಗಳ ಕೆಳಗೆ ನ್ಯಾಟ್ ಕಿಂಗ್ ಕೋಲ್, ಲೀನಾ ಹಾರ್ನ್ ಅಂಥವರು ಹಾಡುತ್ತಿದ್ದರು. ಚಪ್ಪಾಳೆ ಗಿಟ್ಟಿಸಿದ ಕಪ್ಪು ಕಲಾವಿದರಿಗೆ ಅದೇ ಹೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. ರಾತ್ರಿ ಮಲಗಲು ವೆಸ್ಟ್‌ಸೈಡ್‌ನಲ್ಲಿ ಜೆನೆವೀವ್ ಹ್ಯಾರಿಸನ್ ನಡೆಸುತ್ತಿದ್ದಂಥ ವಸತಿಮನೆಗಳನ್ನು ಹುಡುಕಿಕೊಂಡು ಬರಬೇಕಿತ್ತು.

1955ರ ಮೇ 24ರಂದು ಬೊನಾಂಜಾ ರಸ್ತೆಯಲ್ಲಿ ಮೂಲಾನ್ ರೂಜ್ ತೆರೆಯಿತು. ಎಲ್ಲ ಬಣ್ಣದವರೂ ಒಟ್ಟಿಗೆ ಕೂತು ಆಡುವ, ಉಣ್ಣುವ, ತಂಗುವ ನಗರದ ಮೊದಲ ಹೋಟೆಲ್ ಕ್ಯಾಸಿನೊ ಅದು. ಬಾಕ್ಸರ್ ಜೋ ಲೂಯಿಸ್ ಬಾಗಿಲಲ್ಲಿ ನಿಂತು ಸ್ವಾಗತಿಸುತ್ತಿದ್ದರು. ಸ್ಟ್ರಿಪ್‌ನಲ್ಲಿ ಕಾರ್ಯಕ್ರಮ ಮುಗಿಸಿದ ತಾರೆಯರು ಇಲ್ಲಿನ ನಡುರಾತ್ರಿ ಮೀರಿದ ಪ್ರದರ್ಶನಕ್ಕೆ ಓಡಿಬರುತ್ತಿದ್ದರು. ಇಷ್ಟು ಜನ ಸೇರುತ್ತಿದ್ದ ಜಾಗ ಆರೇ ತಿಂಗಳಲ್ಲಿ ಮುಚ್ಚಿಹೋಯಿತು. ಸಾಲವೇ ಕಾರಣ ಎನ್ನುವವರಿದ್ದಾರೆ, ಸ್ಟ್ರಿಪ್‌ನವರ ಹೊಟ್ಟೆಕಿಚ್ಚು ಎನ್ನುವವರೂ ಇದ್ದಾರೆ. ಮುಚ್ಚಿದ ಮೇಲೂ ಆ ಕಟ್ಟಡ ಒಂದು ದೊಡ್ಡ ಕೆಲಸ ಮಾಡಿತು. ದಂತವೈದ್ಯ ಜೇಮ್ಸ್ ಮೆಕ್‌ಮಿಲನ್ ನೇತೃತ್ವದಲ್ಲಿ ಸ್ಟ್ರಿಪ್‌ಗೆ ಮೆರವಣಿಗೆ ಹೋಗುತ್ತೇವೆಂದು ಕಪ್ಪು ಸಮುದಾಯ ಪಟ್ಟು ಹಿಡಿದಾಗ, 1960ರ ಮಾರ್ಚ್ 26ರಂದು ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆಯುವ ಒಪ್ಪಂದ ಆದದ್ದು ಇಲ್ಲಿಯೇ.

ನೆವಾಡದ ಉದ್ಯಮ ಆಮೇಲೆ ಬಹಳ ಪೆಟ್ಟು ತಿಂದು ಎದ್ದಿದೆ. 1980ರಲ್ಲಿ ಎಂಜಿಎಂ ಗ್ರ್ಯಾಂಡ್ ಬೆಂಕಿಗೆ 85 ಜನ ಬಲಿಯಾದರು. 2020ರಲ್ಲಿ ಕೋವಿಡ್‌ನಿಂದಾಗಿ ಕ್ಯಾಸಿನೊಗಳು 78 ದಿನ ಬಾಗಿಲು ಹಾಕಿದ್ದವು. ಪ್ರತಿ ಸಲವೂ ಬಂಡವಾಳ ಮರಳಿ ಬಂತು.

ವೆಸ್ಟ್‌ಸೈಡ್‌ಗೆ ಮಾತ್ರ ಬರಲಿಲ್ಲ. ಸಾರಾನ್ ಮತ್ತು ಅವರ ಮನೆಯವರು ಮೂಲಾನ್ ರೂಜ್ ಕಟ್ಟಡವನ್ನೇ ಕೊಂಡು, ಅದನ್ನು ಮತ್ತೆ ತೆರೆಯಲು ವರ್ಷಗಟ್ಟಲೆ ಹೆಣಗಿದರು. 1992ರಲ್ಲಿ ಅದು ರಾಷ್ಟ್ರೀಯ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿತೇ ಹೊರತು ಸಾಲ ಕೊಡುವವರು ಬರಲಿಲ್ಲ. 2003ರಲ್ಲಿ ಬೆಂಕಿ ಬಿತ್ತು. ಉಳಿದದ್ದನ್ನು ಆಮೇಲೆ ಕೆಡವಿದರು. ಬೆಟ್ಟಿ ವಿಲ್ಲಿಸ್ ಬರೆದ ಅದರ ನಿಯಾನ್ ಅಕ್ಷರಗಳು ಈಗ ನಿಯಾನ್ ಮ್ಯೂಸಿಯಂನಲ್ಲಿವೆ. ಸ್ಟ್ರಿಪ್‌ನಲ್ಲಿ ಸಾವಿರಾರು ಕೋಟಿ ಸುರಿದು ಹೊಸ ಗೋಪುರ ಎಬ್ಬಿಸುವವರಿಗೆ ಬೊನಾಂಜಾ ರಸ್ತೆ ದೂರವೇನಿರಲಿಲ್ಲ. ಸಾರಾನ್ 2014ರಲ್ಲಿ ತೀರಿಕೊಂಡರು. ಮೂಲಾನ್ ರೂಜ್ ಮತ್ತೆ ಬಾಗಿಲು ತೆರೆಯುವುದನ್ನು ಅವರಿಗೆ ನೋಡಲಾಗಲಿಲ್ಲ.