ಅಳಿಯದ ಅಲೆ: ಸಾಲಿಟಾನ್ ಎಂದರೇನು?

ಕಡೂರು: ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಗೆ ಕಲ್ಲೊಂದನ್ನು ಎಸೆದರೆ ಏಳುವ ಅಲೆಗಳು ಹರಡುತ್ತಾ ಹೋಗಿ, ಕ್ಷೀಣಿಸಿ, ಕೊನೆಗೆ ಇಲ್ಲವಾಗುತ್ತವೆ. ಅಲೆಯೆಂದರೆ ಅಳಿಯುವಂಥದ್ದು ಎಂಬುದು ಎಲ್ಲರ ಅನುಭವ. ಆದರೆ ಆಕಾರ ಕೆಡದೆ ಬಹುದೂರ ಸಾಗುವ ಒಂಟಿ ಅಲೆಯೂ ಉಂಟು. ಭೌತವಿಜ್ಞಾನಿಗಳು ಅದನ್ನು ‘ಸಾಲಿಟಾನ್’ ಎನ್ನುತ್ತಾರೆ. ಅದರ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ.

ಇದನ್ನು ಮೊದಲು ಗುರುತಿಸಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್. 1834ರ ಆಗಸ್ಟ್‌ನಲ್ಲಿ ಎಡಿನ್‌ಬರೋ ಸಮೀಪದ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿ ತಟ್ಟನೆ ನಿಂತಿತು. ಅದರ ಮುಂದೆ ಗುಡ್ಡೆಯಾದ ನೀರು ಮಾತ್ರ ನಿಲ್ಲದೆ ಮುನ್ನಡೆಯಿತು. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರದ ಆ ಅಲೆಯನ್ನು ರಸೆಲ್ ಕುದುರೆಯೇರಿ ಒಂದೆರಡು ಮೈಲಿ ಹಿಂಬಾಲಿಸಿದರು. ಅದರ ವೇಗ ಗಂಟೆಗೆ ಎಂಟೊಂಬತ್ತು ಮೈಲಿ. ಮುಂದೆ ತೊಟ್ಟಿ ಕಟ್ಟಿಸಿ ಪ್ರಯೋಗವನ್ನೂ ನಡೆಸಿದರು. ಆದರೆ ಅಂದಿನ ಹೆಸರಾಂತ ಗಣಿತಜ್ಞರು ಈ ಮಾತನ್ನು ಸಂದೇಹದಿಂದಲೇ ಕಂಡರು. ಅವರ ಸಿದ್ಧಾಂತದಲ್ಲಿ ಇಂಥ ಅಲೆಗೆ ಸ್ಥಾನವಿರಲಿಲ್ಲ.

ಉಳಿಯುವುದು ಹೇಗೆ?

ಅಲೆಯ ಮೇಲೆ ಎರಡು ಪ್ರವೃತ್ತಿಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ. ಬೇರೆ ಬೇರೆ ಉದ್ದದ ತರಂಗಗಳು ಬೇರೆ ಬೇರೆ ವೇಗದಲ್ಲಿ ಚಲಿಸುವುದರಿಂದ ನೀರಿನ ಗುಡ್ಡೆ ಚದುರತೊಡಗುತ್ತದೆ. ಇನ್ನೊಂದೆಡೆ, ಎತ್ತರದ ಭಾಗ ತಗ್ಗಿನ ಭಾಗಕ್ಕಿಂತ ವೇಗವಾಗಿ ನುಗ್ಗುವುದರಿಂದ ಅಲೆಯ ಮುಖ ಕಡಿದಾಗುತ್ತದೆ. ಒಂದು ಚದುರಿಸುತ್ತದೆ, ಇನ್ನೊಂದು ಒತ್ತರಿಸುತ್ತದೆ. ಎರಡೂ ಸರಿಸಮವಾದಾಗ ಅಲೆ ರೂಪ ಕಳೆದುಕೊಳ್ಳದು. ಇದಕ್ಕೆ 1895ರಲ್ಲಿ ಡಚ್ ಗಣಿತಜ್ಞರಾದ ಕೋರ್ಟೆವೆಗ್ ಮತ್ತು ಡಿ ವ್ರೀಸ್ ಸಮೀಕರಣ ನೀಡಿದರು. 1965ರಲ್ಲಿ ಅಮೆರಿಕದ ಜಬುಸ್ಕಿ ಮತ್ತು ಕ್ರುಸ್ಕಲ್ ಕಂಪ್ಯೂಟರ್ ಮೂಲಕ ಅದನ್ನು ಪರಿಶೀಲಿಸಿದಾಗ, ದೊಡ್ಡ ಅಲೆ ಚಿಕ್ಕ ಅಲೆಯನ್ನು ಹಿಂದಿಕ್ಕಿದ ಮೇಲೂ ಎರಡೂ ತಮ್ಮ ಮೊದಲಿನ ಆಕಾರದಲ್ಲೇ ಹೊರಬಂದವು. ಕಣಗಳಂತೆ ವರ್ತಿಸಿದ ಈ ಅಲೆಗಳಿಗೆ ಸಾಲಿಟಾನ್ ಎಂದು ಹೆಸರಿಟ್ಟವರು ಅವರೇ.

ನೀರಿನಿಂದಾಚೆಗೆ

ಬೆಳಕಿಗೂ ಇದೇ ನಿಯಮ ಅನ್ವಯಿಸುತ್ತದೆ. ಗಾಜಿನ ಎಳೆಯಲ್ಲಿ ಚದುರದೆ ಸಾಗುವ ಬೆಳಕಿನ ಮಿಡಿತಗಳು ಸಾಧ್ಯವೆಂದು ಹಸೆಗಾವಾ ಮತ್ತು ಟ್ಯಾಪರ್ಟ್ 1973ರಲ್ಲಿ ಹೇಳಿದರು. 1980ರಲ್ಲಿ ಪ್ರಯೋಗ ಅದನ್ನು ದೃಢಪಡಿಸಿತು. ಇಂದಿನ ದೂರಸಂಪರ್ಕ ಜಾಲಗಳು ಬಹುಮಟ್ಟಿಗೆ ಬೇರೆ ತಂತ್ರಗಳನ್ನು ಅವಲಂಬಿಸಿದ್ದರೂ, ಅತಿ ಕಿರು ಮಿಡಿತಗಳ ಲೇಸರ್‌ಗಳಲ್ಲಿ ಸಾಲಿಟಾನ್ ಬಳಕೆಯಲ್ಲಿದೆ.

ಇನ್ನೊಂದು ಬಗೆಯ ಸಾಲಿಟಾನ್ ಸಮತೋಲನದಿಂದಲ್ಲ, ಜೋಡಣೆಯಿಂದ ಉಳಿಯುತ್ತದೆ. ಮಲ್ಲಿಗೆ, ಕನಕಾಂಬರಗಳನ್ನು ಒಂದಾದ ಮೇಲೊಂದರಂತೆ ಮಾಲೆ ಕಟ್ಟುವಾಗ ಒಂದೆಡೆ ತಪ್ಪಿದರೆ, ಅಲ್ಲಿಂದ ಮುಂದೆ ಕ್ರಮ ಅದಲುಬದಲಾಗುತ್ತದೆ. ಒಂದು ಹೂವನ್ನು ಬದಲಿಸಿದರೆ ತಪ್ಪು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅಳಿಯುವುದಿಲ್ಲ. ಪಾಲಿಅಸೆಟಿಲೀನ್ ಎಂಬ ವಸ್ತುವಿನ ಅಣುಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧಗಳ ಸರದಿ ಹೀಗೆ ತಪ್ಪಿದ ಜಾಗವೇ ಸಾಲಿಟಾನ್ ಎಂದು 1979ರಲ್ಲಿ ಸು, ಶ್ರೀಫರ್ ಮತ್ತು ಹೀಗರ್ ವಿವರಿಸಿದರು.

ಇಂಥ ಸಾಲಿಟಾನ್ ಅರ್ಧ ಎಲೆಕ್ಟ್ರಾನಿನಷ್ಟು ವಿದ್ಯುದಾವೇಶ ಹೊಂದಬಲ್ಲದೆಂದು ಸಿದ್ಧಾಂತ 1976ರಲ್ಲೇ ಸೂಚಿಸಿತ್ತು. ಆದರೆ ಎಲೆಕ್ಟ್ರಾನನ್ನು ಯಾರೂ ಎರಡಾಗಿ ಸೀಳಿಲ್ಲ. ಹಾಗಿದ್ದರೆ ಈ ಅರ್ಧ ನಿಜವಾದ ಬೆಲೆಯೋ, ಬರಿಯ ಸರಾಸರಿಯೋ? ಅದು ನಿಖರ ಬೆಲೆಯೇ ಆಗಿರಬಲ್ಲದೆಂದು 1982ರಲ್ಲಿ ತೋರಿಸಿದವರು ಜಾನ್ ಬೆಲ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಆರ್. ರಾಜಾರಾಮನ್. ಅದೇ ವರ್ಷ ಪ್ರಕಟವಾದ ರಾಜಾರಾಮನ್ ಅವರ ‘ಸಾಲಿಟಾನ್ಸ್ ಅಂಡ್ ಇನ್‌ಸ್ಟಾಂಟಾನ್ಸ್’ ಗ್ರಂಥದಿಂದ ಜಗತ್ತಿನ ಹಲವೆಡೆಯ ವಿದ್ಯಾರ್ಥಿಗಳು ಈ ವಿಷಯ ಕಲಿತಿದ್ದಾರೆ.

ರಸೆಲ್ 1882ರಲ್ಲಿ ನಿಧನರಾದರು. 1995ರಲ್ಲಿ ವಿಜ್ಞಾನಿಗಳು ಅದೇ ಕಾಲುವೆಯಲ್ಲಿ ಅವರ ಅಲೆಯನ್ನು ಮತ್ತೆ ಎಬ್ಬಿಸಿ ಗೌರವ ಸಲ್ಲಿಸಿದರು. ಸಿದ್ಧಾಂತ ಒಪ್ಪದಿದ್ದರೂ ಕಣ್ಣಾರೆ ಕಂಡದ್ದನ್ನು ಅವರು ಕೈಬಿಡಲಿಲ್ಲ. ಲಕ್ಕವಳ್ಳಿಯ ಭದ್ರಾ ಕಾಲುವೆಯ ದಡದಲ್ಲಿ ನಿಂತು ನೀರು ನೋಡುವ ನಮ್ಮ ಮಕ್ಕಳಿಗೂ ಹೇಳಬೇಕಾದ ಮಾತು ಇದೇ.