ಹಗೇವುಳ್ಳ ಸೂರ್ಯಕಾಂತಿ

ಸೂರ್ಯಕಾಂತಿಯನ್ನು ಪ್ರತಿವರ್ಷವೂ ಹೊಸದಾಗಿ ಬಿತ್ತಬೇಕಾಗಿರುವುದೇಕೆ, ಒಮ್ಮೆ ನೆಟ್ಟರೆ ಹಲವು ವರ್ಷ ಹೂಬಿಡುವ ಜಾತಿಯೊಂದು ಆ ಕುಲದಲ್ಲಿ ಇಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಒಂದಲ್ಲ, ಅನೇಕವುಂಟು. ಅವುಗಳಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿನ ಮನೆತೋಟಗಳಿಗೆ ಬಹುಕಾಲದಿಂದ ಪರಿಚಿತವಾದುದು, ಸಸ್ಯಶಾಸ್ತ್ರಜ್ಞರು ಹೀಲಿಯಾಂತಸ್ ಟ್ಯೂಬರೋಸಸ್ ಎಂದೂ ತೋಟಗಾರರು ಜೆರುಸಲೇಮ್ ಆರ್ಟಿಚೋಕ್ ಎಂದೂ ಕರೆಯುವ, ಆಳೆತ್ತರವನ್ನು ಮೀರಿ ಬೆಳೆದು ಶರತ್ಕಾಲದಲ್ಲಿ ಅಂಗೈಯಗಲದ ಹಳದಿ ಹೂಗಳನ್ನು ತಳೆಯುವ ಗಿಡ.

ವಾರ್ಷಿಕ ಸೂರ್ಯಕಾಂತಿಯು ಬಿಸಿಲಿನಿಂದ ಸಂಪಾದಿಸಿದುದನ್ನೆಲ್ಲ ಒಂದೇ ಋತುವಿನಲ್ಲಿ ಬೀಜಗಳಿಗೆ ಧಾರೆಯೆರೆದು ಒಣಗಿಹೋಗುತ್ತದೆ. ಈ ಗಿಡವಾದರೋ, ನಮ್ಮ ಬಯಲುಸೀಮೆಯ ಹಿಂದಿನ ರೈತನು ಸುಗ್ಗಿಯ ಜೋಳವನ್ನು ಹಗೇವಿಗಿಳಿಸಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು, ಮಣ್ಣು ಮುಚ್ಚಿ, ಬರಗಾಲಕ್ಕೆಂದು ಕಾದಿಡುತ್ತಿದ್ದಂತೆ, ಹಗಲು ಕುಗ್ಗತೊಡಗಿದೊಡನೆ ತನ್ನ ಗಳಿಕೆಯನ್ನು ಕಾಂಡದ ಮೂಲಕ ನೆಲದೊಳಕ್ಕೆ ಸಾಗಿಸಿ ಗಂಟುಗಂಟಾದ ಗೆಡ್ಡೆಗಳಲ್ಲಿ ತುಂಬುತ್ತದೆ; ಹಿಮಕ್ಕೆ ಸಿಕ್ಕಿ ಮೇಲಿನ ಗಿಡವೆಲ್ಲ ಕಮರಿ ಬಿದ್ದರೂ ವಸಂತದಲ್ಲಿ ಆ ಹಗೇವನ್ನು ತೆರೆದು ಮತ್ತೆ ಸಂಸಾರ ಹೂಡುತ್ತದೆ. ಅದರೊಳಗಿನ ದ್ರವ್ಯ ಆಲೂಗೆಡ್ಡೆಯಲ್ಲಿರುವ ಪಿಷ್ಟವಲ್ಲ, ಫ್ರಕ್ಟೋಸ್ ಅಣುಗಳ ಸರಪಳಿಯಾದ ಇನ್ಯುಲಿನ್; 1804ರಲ್ಲಿ ಜರ್ಮನಿಯ ವಾಲೆಂಟಿನ್ ರೋಸೆ ಎಂಬಾತನು ಇದೇ ಕುಟುಂಬದ ಇನ್ಯುಲಾ ಗಿಡದ ಬೇರಿನಿಂದ ಮೊದಲು ಬೇರ್ಪಡಿಸಿದ ವಸ್ತು. ಚಳಿಯಲ್ಲಿ ಈ ಸರಪಳಿಗಳು ತುಂಡಾಗಿ ಗೆಡ್ಡೆಯು ಸಿಹಿಯಾಗುವುದರಿಂದ, ಹಿಮ ಬಿದ್ದ ಮೇಲೆಯೇ ಅಗೆಯುವುದು ವಾಡಿಕೆ. ಇನ್ಯುಲಿನ್ನು ಮಧುಮೇಹವನ್ನು ಗುಣಪಡಿಸುವುದೆಂಬ ಪ್ರಚಾರವನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಜೀರ್ಣರಸಗಳಿಗೆ ಕರಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ನಾರು ಅದು, ಔಷಧವಲ್ಲ. ಅತಿಯಾಗಿ ತಿಂದವರಿಗೆ ಹೊಟ್ಟೆಯುಬ್ಬರವೂ ತಪ್ಪದು.

ಫ್ರೆಂಚ್ ಅನ್ವೇಷಕ ಶಾಂಪ್ಲೇನ್ 1605ರಲ್ಲಿ ಕೇಪ್ ಕಾಡ್ ತೀರಕ್ಕೆ ಬಂದಾಗ ಅಲ್ಲಿಯ ಮೂಲನಿವಾಸಿಗಳು ಇದನ್ನು ಆಗಲೇ ಕೃಷಿಮಾಡುತ್ತಿದ್ದರು. ಅವರು ಪಳಗಿಸಿದ ಈ ಸಸ್ಯದ ವಂಶಮೂಲವಾದರೋ ದೀರ್ಘಕಾಲ ವಿವಾದಗ್ರಸ್ತವಾಗಿತ್ತು. ವಾರ್ಷಿಕ ಸೂರ್ಯಕಾಂತಿಯಲ್ಲಿ 34 ವರ್ಣತಂತುಗಳಿದ್ದರೆ ಇದರಲ್ಲಿ 102. ಈ ಮೂರುಪಟ್ಟು ಸಂಪತ್ತು ಎಲ್ಲಿಂದ ಬಂದುದು? 2014ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು, ವಾರ್ಷಿಕ ಸೂರ್ಯಕಾಂತಿಯು ಇದರ ಪೂರ್ವಜನೆಂಬ ಊಹೆಯನ್ನು ತಳ್ಳಿಹಾಕಿ, 68 ವರ್ಣತಂತುಗಳ ರೋಮಮಯ ಸೂರ್ಯಕಾಂತಿಯೂ 34 ವರ್ಣತಂತುಗಳ ಗರಗಸದೆಲೆಯ ಸೂರ್ಯಕಾಂತಿಯೂ ಕೂಡಿದ ಸಂಕರದಿಂದ ಇದು ಹುಟ್ಟಿತೆಂದು ತೋರಿಸಿತು. ಇಬ್ಬರೂ ಬಹುವಾರ್ಷಿಕರೇ, ಕೂಡಿಡುವ ಗುಣ ಇದಕ್ಕೆ ಎರಡು ಕಡೆಯಿಂದಲೂ ಬಂದ ಪಿತ್ರಾರ್ಜಿತ.

ತನ್ನದೇ ಪರಾಗದಿಂದ ಇದು ಸಾಮಾನ್ಯವಾಗಿ ಬೀಜ ಕಟ್ಟದಾದ್ದರಿಂದ ತೋಟದಲ್ಲಿ ಗೆಡ್ಡೆಯನ್ನೇ ನೆಡಬೇಕು: ವಸಂತದಲ್ಲಿ, ಬಿಸಿಲು ಚೆನ್ನಾಗಿ ಬೀಳುವೆಡೆ, 10ರಿಂದ 15 ಸೆಂಟಿಮೀಟರು ಆಳಕ್ಕೆ. ಹೆಚ್ಚಿನ ಆರೈಕೆ ಬೇಡ, ಬೇಕಾದುದು ಅಂಕೆ. ಎಷ್ಟೇ ಎಚ್ಚರದಿಂದ ಅಗೆದರೂ ಮಣ್ಣಿನಲ್ಲುಳಿದ ಚಿಕ್ಕ ತುಣುಕು ಮರುವರ್ಷ ಗಿಡವಾಗಿ ಏಳುತ್ತದೆ. ಮಧ್ಯ ಯುರೋಪಿನ ನದೀತೀರಗಳಲ್ಲಿ ಇದು ಹೀಗೆಯೇ ಹಬ್ಬಿ ಸ್ಥಳೀಯ ಸಸ್ಯಗಳನ್ನು ಅದುಮಿದೆ. ಆದುದರಿಂದ ಬೇಲಿಯಂಚಿನಲ್ಲಿ ಇದಕ್ಕೇ ಮೀಸಲಾದ ಪಾತಿಯೊಂದನ್ನು ಕಟ್ಟಿ, ಕಿತ್ತ ಗೆಡ್ಡೆಯ ಚೂರುಗಳನ್ನು ಗೊಬ್ಬರದ ಗುಂಡಿಗೆ ಎಸೆಯದಿರುವುದು ಕ್ಷೇಮ.